ಬರಿಗೈಲಿ ಸೈಟ್ ಬಿಡಬೇಡಿ!



ನಾನು ಪಿಯುಸಿಗೇ ಓದು ನಿಲ್ಲಿಸಿದವನು. ಮುದ್ರಣಾಲಯವೇ ನನ್ನ ಹೊಟ್ಟೆಪಾಡು. ಬಯೋಡೇಟಾ ಮಾಡಿಸಲು ಸಿವಿಲ್ ಡಿಪ್ಲೊಮಾ ಹುಡುಗರು ನನ್ನಲ್ಲಿಗೆ ಬರುತ್ತಾರೆ.

ಮೊನ್ನೆ ಒಬ್ಬ ಬಂದ. ಎಂಟು ವರ್ಷ ಸೈಟ್ ಸೂಪರ್‌ವೈಸರ್. ಈಗ ದೊಡ್ಡ ಕಂಪನಿಗೆ ಹೋಗುವ ಆಸೆ. "ಅನುಭವ ಪತ್ರ ಎಲ್ಲಪ್ಪಾ?" ಎಂದೆ. "ಕಂಟ್ರಾಕ್ಟರು ಕೊಡಲಿಲ್ಲ ಅಣ್ಣಾ" ಎಂದ. ಅವನು ನಿಂತು ಕಟ್ಟಿಸಿದ ಕಟ್ಟಡಗಳು ಊರಿಗೆಲ್ಲ ಕಾಣುತ್ತವೆ. ಕಾಗದದಲ್ಲಿ ಮಾತ್ರ ಅವನೇ ಇಲ್ಲ!

ತಮ್ಮಂದಿರೇ, ಬಿಡುವ ದಿನವಲ್ಲ, ಸೇರಿದ ದಿನದಿಂದಲೇ ಲೆಕ್ಕ ಇಡಿ. ಎಷ್ಟು ಅಂತಸ್ತು, ಯಾವ ಗ್ರೇಡಿನ ಕಾಂಕ್ರೀಟು, ಎಷ್ಟು ಟನ್ ಕಂಬಿ, ಎಲ್ಲ ಡೈರಿಯಲ್ಲಿ ಬರೆಯಿರಿ. ಸಂಬಳ ಬ್ಯಾಂಕಿಗೇ ಹಾಕಿಸಿಕೊಳ್ಳಿ. ನಕ್ಷೆ ಓದಲು ಬಂದರೆ ಸಾಲದು, ಎಸ್ಟಿಮೇಟು, ಬಿಲ್ಲಿಂಗ್ ಕಲಿಯಿರಿ. ಓದುವ ಮನಸ್ಸಿದ್ದರೆ ಡಿಸಿಇಟಿ ಬರೆಯಿರಿ, ನೇರವಾಗಿ ಬಿ.ಇ. ಎರಡನೇ ವರ್ಷಕ್ಕೆ ಪ್ರವೇಶವುಂಟು.

ನಮ್ಮ ವಿಶ್ವೇಶ್ವರಯ್ಯನವರು 1908ರಲ್ಲಿ ಮುಂಬಯಿ ಸರ್ಕಾರದ ಕೆಲಸ ಬಿಟ್ಟರು. 1909ರಲ್ಲಿ ಮೈಸೂರಿನ ಚೀಫ್ ಇಂಜಿನಿಯರಾದರು. ಅವರನ್ನು ಕರೆಸಿದ್ದು ಶಿಫಾರಸಲ್ಲ, 1884ರಿಂದ ಮಾಡಿದ್ದ ಕೆಲಸ. ಆ ಕೆಲಸಕ್ಕೆಲ್ಲ ದಾಖಲೆಯಿತ್ತು.

ಆದ್ದರಿಂದ ಹೊರಡುವ ಮೊದಲು ಅನುಭವ ಪತ್ರ ಕೇಳಿ ಪಡೆಯಿರಿ. ಅದು ಭಿಕ್ಷೆಯಲ್ಲ, ನಿಮ್ಮ ಬೆವರಿನ ರಸೀದಿ!

ಜೈ ಕರ್ನಾಟಕ!