ಆಪರೇಶನ್ ಆದ ಹೋರಿಗೆ 75 ದಿನ
(ಸಂಘದ ರಜತ ಮಹೋತ್ಸವ ಸಮಾರಂಭದಲ್ಲಿ ಆಡಿದ ಮಾತು)



ನಾವು ಡಾಕ್ಟರರಲ್ಲ, ಎಸ್ಸೆಸ್ಸೆಲ್ಸಿ ಓದಿ ದನ ಕಟ್ಟಿದವರು. ಆದರೂ ಹಾರೂಗೇರಿ ಸುತ್ತಲಿನ ಒಕ್ಕಲಿಗರಿಗೆ ಒಂದು ಮಾತು ಹೇಳಬೇಕಾಗಿದೆ. ಖಿಲಾರಿ ನಮ್ಮ ಸೀಮೆಯ ತಳಿ. ಇದೇ ಹೊಳಿದಂಡಿಯ ಕೃಷ್ಣಾ ವ್ಯಾಲಿ ತಳಿಯಂತೂ ಈಗ ಹುಡುಕಿದರೂ ಸಿಗೋದು ಅಪರೂಪ. ಇಂಥಾದ್ರಾಗ ಒಂದು ಒಳ್ಳೆಯ ಬೀಜದ ಹೋರಿ ಕೈಬಿಟ್ಟರೆ ನಷ್ಟ ಒಬ್ಬರ ಮನೆಯದಲ್ಲ, ಊರಿನದು.

ಹೋರಿ ಹಾರುವಾಗ ಆಕಳು ಸರಿದರೆ ಶಿಶ್ನಕ್ಕೆ ಪೆಟ್ಟು ಬಿದ್ದು ಒಳಗೆ ರಕ್ತ ಹೆಪ್ಪುಗಟ್ಟುತ್ತದೆ. ಕೆಲವಕ್ಕೆ ಕೊಂಬು ತಾಗಿ ಒಂದು ತರಡು ಕೆಡುತ್ತದೆ. ಡಾಕ್ಟರರು ಆಪರೇಶನ್ ಮಾಡಿ ಹೆಪ್ಪನ್ನೋ ಕೆಟ್ಟ ತರಡನ್ನೋ ತೆಗೆಯುತ್ತಾರೆ. ಆಗ "ಮುಗೀತು ಇದರ ಕತಿ" ಅಂತ ಸಂತಿಗೆ ಹೊಡೀಬ್ಯಾಡ್ರಿ. ಉಳಿದ ಒಂದು ತರಡು ಚಲೋ ಇದ್ದರೂ ಆಕಳು ಗಬ್ಬ ಆಗುತ್ತವೆ.

ಆದರೆ ಅವಸರ ಬೇಡ. ತರಡಿನೊಳಗೆ ವೀರ್ಯಾಣು ತಯಾರಾಗಲು ಸುಮಾರು 61 ದಿನ, ಮಾಗಿ ಹೊರಬರಲು ಮತ್ತೆ 8ರಿಂದ 14 ದಿನ ಬೇಕು. ತರಡು ಮೈಗಿಂತ ನಾಲ್ಕೈದು ಡಿಗ್ರಿ ತಂಪಿರಬೇಕು. ಜ್ವರದ, ಬಾವಿನ ಕಾವು ತಾಗಿದರೆ ಬೆಳೆಯುತ್ತಿದ್ದ ಪೀಕೇ ಕೆಟ್ಟಂತೆ. ಮೊದಲು ಕೂಡಿಟ್ಟ ವೀರ್ಯದಿಂದ ಒಂದು ವಾರ ಎಲ್ಲ ಸರಿ ಕಂಡೀತು, ಕೇಡು ಆಮೇಲೆ ತೋರುತ್ತದೆ. ಆಗ ಹೋರಿ ಬಿಟ್ಟರೆ ಗಬ್ಬ ನಿಲ್ಲೋದಿಲ್ಲ, 21 ದಿನಕ್ಕ ಆಕಳು ಮತ್ತ ಬೆದಿಗೆ ಬರತಾವ. ಹಾಲಿಲ್ಲ, ಕರುವಿಲ್ಲ, ಬೈಗುಳ ಮಾತ್ರ ಮೂಕ ಆಕಳಿಗೆ!

ಆದ್ದರಿಂದ ಹೋರಿಯನ್ನು ಆಕಳಿಂದ ದೂರ ಕಟ್ಟಿರಿ. 75 ದಿನಕ್ಕೆ ವೀರ್ಯ ತಪಾಸಣೆ ಮಾಡಿಸಿರಿ. ನೂರಕ್ಕೆ 70 ವೀರ್ಯಾಣುಗಳ ಆಕಾರ ಸರಿ ಇರಬೇಕು, ಕನಿಷ್ಠ 30 ಮುಂದಕ್ಕೆ ಓಡುವಂತಿರಬೇಕು ಎಂಬುದು ಅಮೆರಿಕೆಯ ಪಶುವೈದ್ಯರು ಹಾಕಿದ ಅಳತೆ. ಕಡಿಮೆ ಬಂದರೆ ಇನ್ನೆರಡು ತಿಂಗಳು ತಡೆದು ಮತ್ತೊಮ್ಮೆ ನೋಡಿಸಿರಿ. ನೋವಿನ ಅಂಜಿಕೆಗೆ ಹೋರಿ ಹಿಂಜರಿದರೆ ಮೊದಲು ಸಾಧು ಆಕಳ ಹತ್ತಿರ ಬಿಡಿರಿ.

ಇನ್ನೊಂದು ಮಾತು. ಹುಟ್ಟಿನಿಂದಲೇ ತರಡು ಇಳಿಯದ ಹೋರಿ, ಹೊಕ್ಕಳಲ್ಲಿ ಹರ್ನಿಯಾ ಇರುವ ಹೋರಿ, ಇವು ಆಪರೇಶನ್ ಆದರೂ ಬೀಜಕ್ಕೆ ಬೇಡ. ಆ ದೋಷ ಕರುಗಳಿಗೂ ಇಳಿಯಬಹುದು. ಅಂಥವು ಗಳೇಕ್ಕ ಇರಲಿ.

ಬೀಜದ ಹೋರಿ ಇದ್ದವರು ಒಂದು ವಹಿ ಇಡಬೇಕು. ಯಾವ ಆಕಳಿಗೆ ಯಾವ ತಾರೀಖಿಗೆ ಬಿಟ್ಟದ್ದು, ಗಬ್ಬ ನಿಂತಿತೋ ಇಲ್ಲವೋ ಬರೆಯಬೇಕು. ತಪಾಸಣೆಯ ಖರ್ಚಿಗೆ ಸಂಘದಿಂದ ಸ್ವಲ್ಪ ನೆರವು ಸಿಗಲಿ ಎಂದು ಮಹಾಸಭೆಯಲ್ಲಿ ನಾವು ಕೇಳುವವರಿದ್ದೇವೆ. ನೀವೂ ಕೈ ಎತ್ತಬೇಕು.

25 ವರ್ಷ ತಾಳಿಕೊಂಡು ಸಂಘ ಕಟ್ಟಿದ ನಮಗೆ 75 ದಿನ ದೊಡ್ಡದಲ್ಲ. ಇಷ್ಟು ಹೇಳಿ ನಮ್ಮ ಮಾತು ಮುಗಿಸುತ್ತೇವೆ. ಜೈ ಸಹಕಾರ!