ಗುಡುಗುಡಿ ಮತ್ತು ಗಿಟಾರು

(ದಿಂಡೋರಿಯಲ್ಲಿ ನಡೆದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)



ಈ ಉಪನ್ಯಾಸಕ್ಕೆ ಸಂಘದ ಕಾರ್ಯದರ್ಶಿಗಳು ನನ್ನನ್ನು ಕರೆದಾಗ ರಾಷ್ಟ್ರಕೂಟರ ಕುರಿತು ಮಾತನಾಡುವೆನೆಂದು ಒಪ್ಪಿಕೊಂಡಿದ್ದೆ. ಇತಿಹಾಸ ನನ್ನ ಸ್ನಾತಕೋತ್ತರ ವ್ಯಾಸಂಗದ ವಿಷಯ. ಮೇಲಾಗಿ, ಇದೇ ದಿಂಡೋರಿ ತಾಲ್ಲೂಕಿನ ವಣಿಯಲ್ಲಿ ಮುಮ್ಮಡಿ ಗೋವಿಂದನ ತಾಮ್ರಪಟಗಳು ದೊರೆತಿವೆ. ಅವು ಶಕ ವರ್ಷ 730ರವು. ಆತನ ಮಗ ನೃಪತುಂಗನ ಆಸ್ಥಾನದಲ್ಲಿ ರಚಿತವಾದ ಕವಿರಾಜಮಾರ್ಗವು ಕನ್ನಡ ನಾಡಿನ ಎಲ್ಲೆಯನ್ನು ಗೋದಾವರಿಯವರೆಗೆ ಗುರುತಿಸಿತು. ಹೊರನಾಡಿನಲ್ಲಿ ಸಂಘ ಕಟ್ಟಿಕೊಂಡ ನಮಗೆ ಇದನ್ನು ಹೇಳಿಕೊಳ್ಳುವುದರಲ್ಲಿ ಎಲ್ಲಿಲ್ಲದ ಸಮಾಧಾನ. ನಾನೂ ಈ ಮಾತನ್ನು ಹಲವು ವೇದಿಕೆಗಳಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಆದರೆ ಈ ಸಲ ಸಂಘದ ತರುಣರು ನನಗೆ ಬೇರೆಯೇ ವಿಷಯವನ್ನು ವಿಧಿಸಿದ್ದಾರೆ: ರಾಕ್ ಬ್ಯಾಂಡು! ಐವತ್ತು ದಾಟಿದ ಸರ್ಕಾರಿ ಅಧಿಕಾರಿಯೊಬ್ಬನನ್ನು ಪೇಚಿಗೆ ಸಿಲುಕಿಸುವ ಉದ್ದೇಶ ಅವರಿಗಿದ್ದಿರಲೂಬಹುದು. ನಾನು ಒಪ್ಪಿಕೊಂಡದ್ದಕ್ಕೆ ಬೇರೆ ಕಾರಣವುಂಟು.

ರಾಕ್ ಸಂಗೀತವೆಂದರೆ ನಮ್ಮ ಪೀಳಿಗೆಗೆ ಉದ್ದ ಕೂದಲು ಮತ್ತು ಗದ್ದಲ. ಅಮೆರಿಕದ ಲಾಸ್ ಏಂಜಲಿಸ್‌ನಲ್ಲಿ 1964ರಲ್ಲಿ ಹುಟ್ಟಿದ ಬರ್ಡ್ಸ್ ಎಂಬ ತಂಡದ ಕಥೆಯನ್ನು ಓದಿದ ಮೇಲೆ ನನ್ನ ಈ ಎಣಿಕೆ ಅರ್ಧ ಮಾತ್ರ ನಿಜವೆಂದು ತಿಳಿಯಿತು. ಮರುವರ್ಷ, 1965ರಲ್ಲಿ, ಆ ದೇಶದಲ್ಲಿ ಮೊದಲ ಸ್ಥಾನಕ್ಕೇರಿದ ಅವರ ಎರಡು ಹಾಡುಗಳಲ್ಲಿ ಒಂದು ಬಾಬ್ ಡಿಲನ್ನನದು. ಇನ್ನೊಂದರ ಮಾತುಗಳು ಬಹುಮಟ್ಟಿಗೆ ಬೈಬಲಿನ ಪ್ರಸಂಗಿ ಗ್ರಂಥದವು. ಜನಪದ ಗಾಯಕ ಪೀಟ್ ಸೀಗರ್ ಅವಕ್ಕೆ ಮೊದಲು ರಾಗ ಕೂಡಿಸಿದ್ದ. ಇವರು ಹನ್ನೆರಡು ತಂತಿಯ ವಿದ್ಯುತ್ ಗಿಟಾರನ್ನು ಕೂಡಿಸಿದರು. ಅದೇ ವರ್ಷ ಡಿಲನ್ ನ್ಯೂಪೋರ್ಟ್ ಜನಪದ ಉತ್ಸವದಲ್ಲಿ ವಿದ್ಯುತ್ ಗಿಟಾರು ಹಿಡಿದು ನಿಂತಾಗ ಸಭಿಕರಲ್ಲಿ ಹಲವರು ಕೂಗಾಡಿದರು. 1966ರಲ್ಲಿ ಬರ್ಡ್ಸ್ ತಂಡ ಹೊರತಂದ ಮತ್ತೊಂದು ಹಾಡಿನ ಮೇಲೆ ನಮ್ಮ ಪಂಡಿತ ರವಿಶಂಕರರ ಸಿತಾರಿನ ಪ್ರಭಾವವಿದೆ. 1973ರ ಹೊತ್ತಿಗೆ ತಂಡ ಚದುರಿತು. ಆದರೂ ಹಳೆಯ ಮಾತಿಗೆ ಹೊಸ ವಾದ್ಯ ಕಟ್ಟುವ ಆ ಹಾದಿಯನ್ನು ಅನಂತರ ಹಿಡಿದವರು ಅಸಂಖ್ಯ.

ಈ ಹಾದಿಯಲ್ಲಿ ನಡೆದ ಕನ್ನಡಿಗರೊಬ್ಬರು ಹುಟ್ಟಿದ್ದು ನಾವಿರುವ ನಾಸಿಕದಲ್ಲೇ ಎಂಬುದು ನಿಮ್ಮಲ್ಲಿ ಹಲವರಿಗೆ ತಿಳಿದಿರಲಾರದು. ಅವರೇ ರಘು ದೀಕ್ಷಿತ್. 1974ರಲ್ಲಿ ಇಲ್ಲಿ ಜನಿಸಿ ಮೈಸೂರಿನಲ್ಲಿ ಬೆಳೆದವರು, ಭರತನಾಟ್ಯ ಕಲಿತವರು, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಸ್ನಾತಕೋತ್ತರ ಪದವೀಧರರು. ಗಿಟಾರು ನುಡಿಸುವ ಗೆಳೆಯನೊಬ್ಬ ಇವರ ನೃತ್ಯವನ್ನು ಹಂಗಿಸಿದ್ದರಿಂದ ಪಣ ಕಟ್ಟಿ ಗಿಟಾರು ಕಲಿತರಂತೆ. 1990ರ ದಶಕದ ಕೊನೆಗೆ ‘ಅಂತರಾಗ್ನಿ’ ಎಂಬ ತಂಡ ಕಟ್ಟಿದರು. ಅದು ಚದುರಿದ ಮೇಲೆ ‘ರಘು ದೀಕ್ಷಿತ್ ಪ್ರಾಜೆಕ್ಟ್’ ಬಂದಿತು. ಮೊದಲ ಧ್ವನಿಮುದ್ರಿಕೆ ಹೊರಬಂದದ್ದು 2008ರಲ್ಲಿ, ಹಿಂದಿ ಚಿತ್ರಸಂಗೀತದ ವಿಶಾಲ್–ಶೇಖರ್ ಜೋಡಿಯ ನೆರವಿನಿಂದ. ಲುಂಗಿಯುಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಇಂಗ್ಲೆಂಡಿನ ವೇದಿಕೆಗಳಲ್ಲಿ ಹಾಡಿದರು. 2010ರಲ್ಲಿ ಬಿಬಿಸಿಯ ಪ್ರಸಿದ್ಧ ಸಂಗೀತ ಕಾರ್ಯಕ್ರಮದಲ್ಲಿ ಕಾಣಿಸಿಕೊಂಡರು. 2011ರಲ್ಲಿ ‘ಸಾಂಗ್‌ಲೈನ್ಸ್’ ಪತ್ರಿಕೆಯ ಹೊಸ ಕಲಾವಿದರ ಪ್ರಶಸ್ತಿ ಪಡೆದರು. ಸಹೋದರ ವಾಸು ದೀಕ್ಷಿತರ ‘ಸ್ವರಾತ್ಮ’ ತಂಡವೂ ಇದೇ ಜಾಡಿನದು. ಅವರು ಕೀಲುಕುದುರೆಯ ವೇಷದಲ್ಲಿ ವೇದಿಕೆಗೆ ಬಂದದ್ದನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು.

ಆ ಮೊದಲ ಮುದ್ರಿಕೆಯಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳೇ ಹೆಚ್ಚು. ಕನ್ನಡದವು ಎರಡು, ಎರಡೂ ಶಿಶುನಾಳ ಶರೀಫರ ತತ್ತ್ವಪದಗಳು. ಕನ್ನಡ ಇಷ್ಟೇ ಏಕೆ ಎಂಬ ದೂರು ನನ್ನಲ್ಲಿ ಇನ್ನೂ ಇದೆ. ಆದರೆ ಇಲ್ಲಿ ಹೇಳಬೇಕಾದದ್ದು ಅದಲ್ಲ.

2009ರಲ್ಲಿ ನನ್ನ ಮಗಳಿಗೆ ಹದಿಮೂರು ವರ್ಷ. ಆ ಹೊತ್ತಿಗೆ ನನ್ನ ವರ್ಗಾವಣೆಗಳು ಅವಳನ್ನು ಮೂರು ರಾಜ್ಯಗಳಲ್ಲಿ ಸುತ್ತಿಸಿದ್ದವು. ಮರಾಠಿ, ಹಿಂದಿ, ಇಂಗ್ಲಿಷ್ ಅವಳಿಗೆ ಲೀಲಾಜಾಲ. ಕನ್ನಡ ಅರ್ಥವಾಗುತ್ತಿತ್ತು, ಓದಲು ಬಾರದು. ಸಂಘದ ವೇದಿಕೆಯಲ್ಲಿ ಕನ್ನಡ ಶಾಲೆಗಳ ಬಗ್ಗೆ ಠರಾವು ಮಂಡಿಸುತ್ತಿದ್ದ ನಾನು ಮನೆಯಲ್ಲಿ ಅವಳನ್ನು ಕೂರಿಸಿಕೊಂಡು ‘ಅ ಆ’ ತಿದ್ದಿಸಿರಲಿಲ್ಲ. ಬಿಡುವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಒಂದು ಸಂಜೆ ಕಚೇರಿಯಿಂದ ಬಂದಾಗ ಅವಳ ಕೋಣೆಯಿಂದ ಗುಡುಗುಡಿಯ ಪದ ಕೇಳಿಬಂತು, ಡ್ರಮ್ಮು ಗಿಟಾರುಗಳ ಅಬ್ಬರದೊಡನೆ. ನನ್ನ ಕಿವಿಯಲ್ಲಿದ್ದದ್ದು ಸಿ. ಅಶ್ವಥ್ ಅವರ ಶರೀಫ. 1990ರ ನಾಗಾಭರಣರ ಚಿತ್ರಕ್ಕೆ ಅವರದೇ ಸಂಗೀತ. ನಾನು ಗದರಿ ಹಾಡನ್ನು ನಿಲ್ಲಿಸಿದೆ. ‘ಅಪ್ಪಾ, ಗುಡುಗುಡಿ ಅಂದರೇನು?’ ಎಂದು ಅವಳು ಕೇಳಿದಳು. ಹುಕ್ಕಾ ಎಂದೆ. ‘ಹಾಗಾದರೆ ಸಂತರು ಹುಕ್ಕಾ ಸೇದಿರಿ ಅಂತ ಯಾಕೆ ಹೇಳುತ್ತಾರೆ?’ ಎಂಬ ಮುಂದಿನ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಶರೀಫರು 1819ರಿಂದ 1889ರವರೆಗೆ ಬದುಕಿದ್ದರು, ಗುರು ಕಳಸದ ಗೋವಿಂದಭಟ್ಟರು ಎಂದು ಹೇಳಿ ಪಾರಾದೆ.

ನನ್ನ ತಾಯಿ ಆಗ ಶಿಗ್ಗಾವಿಯ ಕಡೆಯ ನಮ್ಮ ಊರಲ್ಲೇ ಇದ್ದರು. ಅಕ್ಷರ ಬಲ್ಲವರಲ್ಲ. ಮಗಳು ಫೋನಿನಲ್ಲಿ ಅವರನ್ನೇ ಕೇಳಿದಳು. ಅವ್ವ ಪದವನ್ನು ಮೊದಲಿಂದ ಕೊನೆಯವರೆಗೆ ಹಾಡಿ, ಅನಂತರ ಬಿಡಿಸಿ ಹೇಳಿದರು: ಮನಸ್ಸೇ ಚೀಲ, ಕೊಚ್ಚಿ ಸುಡಬೇಕಾದ್ದು ಮೋಹ, ಬೆಂಕಿ ಬುದ್ಧಿಯದು. ಮೊಮ್ಮಗಳು ಹೊಸ ಹಾಡನ್ನು ಅವರಿಗೆ ಕೇಳಿಸಿದಳು. ಬಳಿಕ ಅವ್ವ ನನ್ನನ್ನು ಕರೆದು, ‘ಅದನ್ನ ಯಾಕ ಬಂದ್ ಮಾಡ್ಸಿದ್ಯೋ? ಡೋಲು ಜರಾ ಜೋರಾತು, ಖರೆ. ಭಜನಿಗೆ ಕುಂತಾಗ ನಮ್ಮವರು ಏನ್ ಕಮ್ಮಿ ಬಡೀತಿದ್ರೇನು? ಶರೀಫಜ್ಜ ಯಾರಿಗೂ ಹಾಡಬ್ಯಾಡ ಅಂದಿಲ್ಲ’ ಎಂದರು.

ಅವ್ವನ ಮಾತು ಕೇಳಿದಾಗ ನೆನಪಾದದ್ದು ಕವಿರಾಜಮಾರ್ಗ. ಗೋದಾವರಿಯ ಎಲ್ಲೆಯ ಮಾತನ್ನು ನಾವು ಮತ್ತೆ ಮತ್ತೆ ಉದ್ಧರಿಸುತ್ತೇವೆ. ಅದೇ ಕೃತಿ, ಓದು ಕಲಿಯದೆಯೂ ಕಾವ್ಯದಲ್ಲಿ ಪಳಗಿದವರು ಈ ನಾಡಿನ ಜನ ಎಂದೂ ಹೇಳುತ್ತದೆ. ಅದು ಅವ್ವನಂಥವರನ್ನು ಕುರಿತ ಮಾತು. ನನ್ನ ಮಗಳಿಗೂ ಅದು ಸಲ್ಲುವುದೇ? ಸಲ್ಲುತ್ತದೆಂದು ಸುಲಭವಾಗಿ ಒಪ್ಪಲು ನನಗೆ ಧೈರ್ಯವಿಲ್ಲ. ಅವ್ವನ ಬೆನ್ನಿಗೆ ಒಂದು ಊರಿತ್ತು, ಪ್ರತಿ ಸೋಮವಾರ ಭಜನೆಯಿತ್ತು. ಇವಳಿಗಿದ್ದದ್ದು ಕಿವಿಗೆ ಸಿಕ್ಕಿಸಿಕೊಂಡ ಒಂದು ಯಂತ್ರ ಮತ್ತು ಫೋನಿನ ಆ ಕಡೆ ಒಬ್ಬ ಅಜ್ಜಿ. ಬ್ಯಾಂಡು ಪದವನ್ನು ಅವಳ ಬಾಗಿಲಿಗೆ ತಂದಿತು, ನಿಜ. ಒಳಗೆ ಕರೆದುಕೊಳ್ಳಲು ಮನೆಯಲ್ಲೊಬ್ಬರು ಬೇಕಿತ್ತು, ಮತ್ತು ಮನೆಯಲ್ಲಿದ್ದ ನಾನು ಬಾಗಿಲು ಹಾಕಿದ್ದೆ. ಈ ತಂಡಗಳನ್ನು ಹೊಗಳುವ ಉತ್ಸಾಹದಲ್ಲಿ ಅವು ನಮ್ಮ ಕೆಲಸವನ್ನೂ ಮಾಡಿಕೊಡುತ್ತವೆಂದು ತರುಣ ಮಿತ್ರರು ನಂಬಬಾರದು. ಅವುಗಳನ್ನು ಅಪಭ್ರಂಶವೆನ್ನುವ ನನ್ನ ವಯಸ್ಸಿನವರು, ಶರೀಫರನ್ನು ಕ್ಯಾಸೆಟ್ಟಿಗೆ ತಂದಾಗಲೂ ಹೀಗೆಯೇ ಗೊಣಗಿದ ಹಿರಿಯರಿದ್ದರೆಂಬುದನ್ನು ಜ್ಞಾಪಿಸಿಕೊಳ್ಳಬೇಕು. ನಮ್ಮ ಊರ ಭಜನೆಯ ಮುಖ್ಯಸ್ಥರಂತೂ ಟೇಪ್ ರೆಕಾರ್ಡರನ್ನು ಗುಡಿಯ ಕಟ್ಟೆ ಹತ್ತಗೊಟ್ಟಿರಲಿಲ್ಲ.

ಅವ್ವ 2016ರಲ್ಲಿ ತೀರಿಕೊಂಡರು. ಅಷ್ಟರಲ್ಲಿ ಮಗಳು ಅವರಿಂದ ಇಪ್ಪತ್ತಮೂರು ಪದಗಳನ್ನು ಫೋನಿನಲ್ಲೇ ಕೇಳಿ ಬರೆದುಕೊಂಡಿದ್ದಳು, ದೇವನಾಗರಿ ಲಿಪಿಯಲ್ಲಿ. ಆ ನೋಟುಪುಸ್ತಕವನ್ನು ಇಂದು ತಂದಿದ್ದೇನೆ. ಮರಾಠಿಯ ಪುಣ್ಯದಿಂದ ‘ಳ’ಕಾರಕ್ಕೆ ತೊಂದರೆಯಾಗಿಲ್ಲ. ಆದರೆ ನಮ್ಮ ಹ್ರಸ್ವ ‘ಎ’, ‘ಒ’ಗಳಿಗೆ ಆ ಲಿಪಿಯಲ್ಲಿ ಬೇರೆ ಅಕ್ಷರವಿಲ್ಲದ್ದರಿಂದ ಅವಳು ಅಂಥ ಕಡೆಯಲ್ಲೆಲ್ಲ ಕೆಂಪು ಶಾಯಿಯ ಚುಕ್ಕೆ ಇಟ್ಟಿದ್ದಾಳೆ. ಕೊನೆಯ ನಾಲ್ಕು ಪುಟಗಳು ಮಾತ್ರ ಕನ್ನಡ ಲಿಪಿಯಲ್ಲಿವೆ, ಒತ್ತಕ್ಷರಗಳು ತಪ್ಪಾಗಿವೆ. ಅವುಗಳನ್ನು ನಾನು ತಿದ್ದಿಲ್ಲ.

ಪುಣೆಯಿಂದ ಅವಳು ಇಂದು ಬಂದಿದ್ದಾಳೆ. ನಮ್ಮ ತರುಣರ ಜೊತೆ ಈಗ ಹಾಡಲಿದ್ದಾಳೆ. ಪರದೆಯ ಹಿಂದೆ ತಂತಿ ಬಿಗಿಯುವ ಸದ್ದು ನಿಮಗೂ ಕೇಳಿಸುತ್ತಿರಬೇಕು. ಡ್ರಮ್ಮನ್ನು ಜರಾ ಮೆಲ್ಲಗೆ ಬಾರಿಸುವಂತೆ ಹೇಳಿದ್ದೇನೆ, ಕೇಳುವರೋ ಇಲ್ಲವೋ ತಿಳಿಯದು.