ಶಾಸಕರ ಖಾಸಗಿತನ ಎಲ್ಲಿಯವರೆಗೆ?

ಒಂದು ಸ್ಕೂಟಿ, ಒಂದು ಓಮ್ನಿ ವ್ಯಾನು, ಒಂದು ಬೈಕು. ಅರುಣಾಚಲ ಪ್ರದೇಶದ ತೇಜು ಕ್ಷೇತ್ರದಿಂದ 2019ರಲ್ಲಿ ಪಕ್ಷೇತರರಾಗಿ ಗೆದ್ದ ಕರಿಖೋ ಕ್ರಿ ಅವರ ಶಾಸಕಸ್ಥಾನಕ್ಕೆ ಈ ಮೂರು ಗಾಡಿಗಳು ಕುತ್ತು ತಂದವು. ಹೆಂಡತಿ, ಮಗನ ಹೆಸರಿನಲ್ಲಿದ್ದ ಇವನ್ನು ನಾಮಪತ್ರದ ಜೊತೆಗಿನ ಪ್ರಮಾಣಪತ್ರದಲ್ಲಿ ತೋರಿಸಿಲ್ಲ ಎಂಬುದು ಸೋತ ಅಭ್ಯರ್ಥಿಯ ತಕರಾರು. ಗುವಾಹಟಿ ಹೈಕೋರ್ಟು ಆಯ್ಕೆಯನ್ನೇ ಅಸಿಂಧುಗೊಳಿಸಿತು. ಗಾಡಿಗಳು ಎಂದೋ ಕೈಬದಲಾಗಿದ್ದವು, ದಾಖಲೆಯಲ್ಲಿ ಹೆಸರು ಬದಲಾಗಿರಲಿಲ್ಲ, ಅಷ್ಟೆ.

2024ರ ಏಪ್ರಿಲ್ 9ರಂದು ಸುಪ್ರೀಂ ಕೋರ್ಟು ಅವರ ಆಯ್ಕೆಯನ್ನು ಎತ್ತಿಹಿಡಿಯಿತು. ಅಭ್ಯರ್ಥಿಗೂ ಖಾಸಗಿತನವಿದೆ, ಬಟ್ಟೆ, ಚಪ್ಪಲಿ, ಪಾತ್ರೆ ಪಗಡಗಳ ಪಟ್ಟಿ ಮತದಾರನಿಗೆ ಬೇಕಿಲ್ಲ ಎಂದಿತು. ಆದರೆ ಲಕ್ಷಗಟ್ಟಲೆ ಬೆಲೆಯ ಕೈಗಡಿಯಾರಗಳಿದ್ದರೆ ಬರೆಯಲೇಬೇಕು. ಬದುಕಿನ ವೈಭೋಗ ತೋರಿಸುವುದು ಬಯಲಿಗೆ, ಉಳಿದದ್ದು ಮನೆಯೊಳಗೆ. ಇದು ನನಗೆ ಸರಿ ಎನಿಸುತ್ತದೆ.

ಆಸ್ತಿ, ಸಾಲ, ಕ್ರಿಮಿನಲ್ ಪ್ರಕರಣ, ಓದು ಇವನ್ನೆಲ್ಲ ಅಭ್ಯರ್ಥಿಗಳು ಹೇಳಬೇಕೆಂದು ಇದೇ ಸುಪ್ರೀಂ ಕೋರ್ಟು 2002ರಲ್ಲಿ ಆದೇಶಿಸಿದಾಗ ಪಕ್ಷಗಳೆಲ್ಲ ಒಂದಾದವು. ಕೋರ್ಟು ಏನೇ ಹೇಳಲಿ, ಕಾಯ್ದೆ ಕೇಳಿದ್ದಕ್ಕಿಂತ ಹೆಚ್ಚು ಹೇಳಬೇಕಿಲ್ಲ ಎಂದು ಸಂಸತ್ತು ತಿದ್ದುಪಡಿಯನ್ನೇ ತಂದಿತು. 2003ರ ಮಾರ್ಚಿನಲ್ಲಿ ಕೋರ್ಟು ಅದನ್ನು ಹೊಡೆದುಹಾಕಿತು. 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕಾಯಿತು. ಅದಕ್ಕೆ ಕಾರಣವಾದ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಮತದಾರನ ತಿಳಿಯುವ ಹಕ್ಕು, ಖಾಸಗಿತನದ ಹಕ್ಕು, ಈ ಎರಡೂ ಡಿಕ್ಕಿ ಹೊಡೆಯುವುದು ಸಂಸಾರದ ವಿಷಯ ಬಂದಾಗ. ಹೆಂಡತಿ ಚುನಾವಣೆಗೆ ನಿಂತವಳಲ್ಲ, ಮತ ಕೇಳಿದವಳಲ್ಲ. ಆದರೂ ಅವಳ ಒಡವೆ, ಬ್ಯಾಂಕ್ ಠೇವಣಿ, ನಿವೇಶನ ಎಲ್ಲ ಪ್ರಮಾಣಪತ್ರದಲ್ಲಿ ಬರುತ್ತವೆ. ಇದು ಅವಳಿಗೆ ಅನ್ಯಾಯವೇ. ಆದರೆ ಅವಳನ್ನು ಬಿಟ್ಟರೆ ಮರುದಿನವೇ ಗಂಡನ ಜಮೀನೆಲ್ಲ ಅವಳ ಹೆಸರಿಗೆ ನೋಂದಣಿಯಾಗುತ್ತದೆ. ಹಾಗಾಗಿ ಹಣದ ಮಟ್ಟಿಗೆ ಅವಳೂ ಲೆಕ್ಕ ಕೊಡಬೇಕು. ಅವಳ ಕಾಯಿಲೆ, ಮಕ್ಕಳ ಮದುವೆಯ ಮನಸ್ತಾಪ, ಇವು ನಮಗೆ ಸಂಬಂಧಿಸಿದ್ದಲ್ಲ, ಟೀವಿಯವರಿಗೂ ಅಲ್ಲ.

ನನ್ನ ತಕರಾರು ಬೇರೆಯದು. ಪ್ರಮಾಣಪತ್ರ ಬರುವುದು ಚುನಾವಣೆ ಬಂದಾಗ, ಆಸ್ತಿ ಬೆಳೆಯುವುದು ನಡುವಿನ ವರ್ಷಗಳಲ್ಲಿ. ಕರ್ನಾಟಕದ 1984ರ ಲೋಕಾಯುಕ್ತ ಕಾಯ್ದೆಯ 22ನೇ ಕಲಂ ಪ್ರಕಾರ ಶಾಸಕರು ಪ್ರತಿವರ್ಷ ಜೂನ್ 30ರೊಳಗೆ ತಮ್ಮ ಮತ್ತು ಕುಟುಂಬದ ಆಸ್ತಿ ವಿವರ ಸಲ್ಲಿಸಬೇಕು. ತಪ್ಪಿದವರ ಹೆಸರನ್ನು ಪತ್ರಿಕೆಯಲ್ಲಿ ಪ್ರಕಟಿಸಲು ಅವಕಾಶವಿದೆ. ಸಲ್ಲಿಸಿದ್ದನ್ನು ಮಾತ್ರ ಚುನಾವಣಾ ಪ್ರಮಾಣಪತ್ರದಂತೆ ಎಲ್ಲರ ಮುಂದಿಡಬೇಕೆಂದು ಆ ಕಲಂ ಹೇಳುವುದಿಲ್ಲ. ಅಭ್ಯರ್ಥಿಯಾಗಿದ್ದಾಗ ತೆರೆದಿಟ್ಟ ಲೆಕ್ಕವನ್ನು ಶಾಸಕರಾದ ಮೇಲೆ ಮುಚ್ಚಿಡಲು ಖಾಸಗಿತನದ ನೆಪ ಸಾಲದು.